ಟಯರ್ ಉಜ್ಜುವ ಸ್ವಿಫ್ಟ್: ಆರು ದಾರಿ ನೋಡಿದೆ, ಮೂರು ಉಳಿಸಿಕೊಂಡೆ

ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಸೋಮೇಶ್ವರದಿಂದ ಹತ್ತುವಾಗ ಅಷ್ಟೂ ತಿರುವಿನಲ್ಲಿ ನನ್ನ ಸ್ವಿಫ್ಟ್‌ನ ಟಯರ್ ಸದ್ದು ಮಾಡಿತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದೆ ಗರ್ ಅನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ, ದೊಡ್ಡಮ್ಮ ಕೂತಿದ್ದರು. ಹಾಗಾಗಿ ಸಣ್ಣ ಗುಂಡಿಗೂ ಹಿಂದಿನಿಂದ ಚರ್ ಅನ್ನುವ ಸದ್ದು. ಮೇಲೆ ಹೋಗಿ ಗಾಡಿ ನಿಲ್ಲಿಸಿದಾಗ ಸುಟ್ಟ ರಬ್ಬರಿನ ವಾಸನೆ. "ಎಂಥದು ಮಾರಾಯ ಈ ವಾಸನೆ? ನಾವು ಇಳಿಯುವುದಾ?" ಎಂದರು ದೊಡ್ಡಮ್ಮ. ಹಿಂದಿನ ಎಡ ಟಯರಿನ ಅಂಚಿನ ಮೇಲೆ ಕೈ ಆಡಿಸಿದೆ. ಚಾಕುವಿನಿಂದ ಕೆತ್ತಿದ ಹಾಗೆ ಸುತ್ತಲೂ ಗೀರು ಬಿದ್ದಿತ್ತು. ಆ ಗೀರು ಸೈಡ್‌ವಾಲ್‌ವರೆಗೆ, ಅಂದರೆ ಟಯರಿನ ಪಕ್ಕದ ಗೋಡೆಯವರೆಗೆ, ಇಳಿದಿದ್ದರೆ ಟಯರ್ ಒಡೆಯುವ ಅಪಾಯ. ಮನೆಯವರನ್ನು ಕೂರಿಸಿಕೊಂಡು ಘಾಟಿ ಹತ್ತುವ ಗಾಡಿ ಹೀಗಿರಬಾರದು.

ನನ್ನದು 2014ರ ಡೀಸೆಲ್ ಸ್ವಿಫ್ಟ್. ಕಂಪನಿಯಿಂದ ಬಂದ ಟಯರ್ 185/65 ಆರ್15 (ಅಗಲ 185 ಮಿ.ಮೀ., ಸೈಡ್‌ವಾಲ್ ಎತ್ತರ ಅದರ ಶೇಕಡಾ 65, ರಿಮ್ 15 ಇಂಚು). ನಾನು ಹಾಕಿಸಿದ್ದು 17 ಇಂಚಿನ, ಏಳೂವರೆ ಇಂಚು ಅಗಲದ, ಇಟಿ 35 ಆಫ್‌ಸೆಟ್‌ನ ಅಲಾಯ್ ಚಕ್ರ (ಇಟಿ ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ). ಟಯರ್ 205/50 ಆರ್17. ಜೊತೆಗೆ ಗಾಡಿಯನ್ನು ಸುಮಾರು 35 ಮಿ.ಮೀ. ಇಳಿಸುವ ಲೋವರಿಂಗ್ ಸ್ಪ್ರಿಂಗ್. ಟಯರ್ ಅಂಗಡಿಯಲ್ಲಿ "ಇದೇ ಸೈಜ್ ಎಲ್ಲರೂ ಹಾಕುವುದು" ಎಂದರು, ನಾನು ಲೆಕ್ಕ ಹಾಕಲಿಲ್ಲ. ಲೆಕ್ಕ ಕಷ್ಟದ್ದಲ್ಲ. ಹಳೆಯ ಟಯರಿನ ಒಟ್ಟು ಎತ್ತರ ಸುಮಾರು 621 ಮಿ.ಮೀ. ಹೊಸದರದ್ದು 637. ಅಂದರೆ ಚಕ್ರದ ನಡುವಿನಿಂದ ಮೇಲಕ್ಕೆ ಎಂಟು ಮಿ.ಮೀ. ಜಾಸ್ತಿ. ಗಾಡಿ 35 ಇಳಿದಿದೆ, ಟಯರ್ ಎಂಟು ಏರಿದೆ. ಇನ್ನು ಆಫ್‌ಸೆಟ್ ಚಕ್ರವನ್ನು ಹೊರಗೆ ತಳ್ಳಿದೆ. ಉಜ್ಜದೆ ಇನ್ನೇನಾಗುತ್ತದೆ?

ಏನಾದರೂ ಮಾಡುವ ಮೊದಲು ಎಲ್ಲಿ ಉಜ್ಜುತ್ತಿದೆ ಅಂತ ನೋಡಬೇಕು. ಇದಕ್ಕೆ ಸೀಮೆಸುಣ್ಣ ಸಾಕು. ವೀಲ್ ಆರ್ಚ್‌ನ (ಚಕ್ರದ ಮೇಲಿನ ಕಮಾನಿನ) ಒಳ ಅಂಚಿಗೆ, ಅದರೊಳಗಿನ ಪ್ಲಾಸ್ಟಿಕ್ ಹೊದಿಕೆ ಲೈನರ್‌ಗೆ ದಪ್ಪಗೆ ಬಳಿದೆ. ಹಿಂದಿನ ಸೀಟು, ಡಿಕ್ಕಿ ಸೇರಿಸಿ ನಾಲ್ಕು ಮೂಟೆ ಅಕ್ಕಿ ಇಟ್ಟೆ. ಮನೆ ಹತ್ತಿರದ ಹಂಪ್ ಮೇಲೆ ನಿಧಾನವಾಗಿ ಹತ್ತಿಸಿ ಇಳಿಸಿದೆ. ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹಿಂದಕ್ಕೆ, ಮುಂದಕ್ಕೆ ಓಡಿಸಿದೆ. ಹಿಂದೆ ಸುಣ್ಣ ಅಳಿಸಿದ್ದು ಆರ್ಚ್‌ನ ತಗಡಿನ ಅಂಚಿನಲ್ಲಿ, ಅದೂ ಭಾರ ಇದ್ದಾಗ ಮಾತ್ರ. ಮುಂದೆ ಅಳಿಸಿದ್ದು ಲೈನರ್‌ನಲ್ಲಿ, ಪೂರ್ತಿ ತಿರುಗಿಸಿದಾಗ ಮಾತ್ರ. ಸದ್ದು ಒಂದೇ ಥರ ಕೇಳಿದರೂ ಕಾಯಿಲೆ ಎರಡು. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ಇದು ನನಗೆ ಗೊತ್ತಾದದ್ದು ಮೊದಲ ಮದ್ದಿಗೆ ದುಡ್ಡು ಕೊಟ್ಟ ಮೇಲೆ.

ಆ ಮೊದಲ ಮದ್ದು ಫೆಂಡರ್ ರೋಲಿಂಗ್. ಆರ್ಚ್‌ನ ಒಳಗೆ ಮಡಚಿರುವ ತಗಡಿನ ಅಂಚನ್ನು ಮೇಲಕ್ಕೆ ಒತ್ತಿ ಚಪ್ಪಟೆ ಮಾಡುವುದು. ನನ್ನ ಗಾಡಿಯಲ್ಲಿ ಹಿಂದಿನ ಎಡಗಡೆ ಒಂದು ರೀತಿ, ಬಲಗಡೆ ಇನ್ನೊಂದು ರೀತಿ ಆಯಿತು. ಹಾಗಾಗಿ ಈ ಹೋಲಿಕೆ ನನ್ನ ಕಣ್ಣೆದುರೇ ಇದೆ. ಎಡಗಡೆಯದನ್ನು ಊರಿನ ಒಂದು ಟಿಂಕರಿಂಗ್ ಶೆಡ್ಡಿನಲ್ಲಿ ಮಾಡಿಸಿದೆ. ಮರದ ಸುತ್ತಿಗೆಯಿಂದ ಬಡಿದು ಅರ್ಧ ಗಂಟೆಯಲ್ಲಿ ಮುಗಿಸಿದರು. ಅಂಚು ಮಡಚಿತು, ಆದರೆ ಉದ್ದಕ್ಕೂ ಪೇಂಟ್ ಬಿರುಕು ಬಿಟ್ಟಿತು. ಹೊರಗಿನಿಂದ ನೋಡಿದರೆ ಆರ್ಚ್‌ನ ಗೆರೆಯಲ್ಲಿ ಸಣ್ಣ ಅಲೆ ಕಾಣುತ್ತದೆ. ಅಲ್ಲಿಗೇ ನಿಲ್ಲಿಸಿ, ಬಲಗಡೆಯದನ್ನು ಬೆಂಗಳೂರಿನಲ್ಲಿ ಸರಿಯಾದ ರೋಲರ್ ಇದ್ದವರ ಹತ್ತಿರ ಮಾಡಿಸಿದೆ. ಆ ರೋಲರ್ ಅನ್ನು ಚಕ್ರ ಬಿಚ್ಚಿ, ಅದು ಕೂರುವ ಹಬ್‌ಗೇ ಬೋಲ್ಟ್ ಮಾಡುತ್ತಾರೆ. ಒಬ್ಬರು ಹೀಟ್ ಗನ್‌ನಿಂದ ಪೇಂಟನ್ನು ಬೆಚ್ಚಗೆ ಇಡುತ್ತಾರೆ. ಇನ್ನೊಬ್ಬರು ರೋಲರ್ ಅನ್ನು ಆಚೆ ಈಚೆ ಎಳೆಯುತ್ತಾ ಸ್ವಲ್ಪ ಸ್ವಲ್ಪವೇ ಒತ್ತುತ್ತಾರೆ. ಒಂದು ಆರ್ಚ್‌ಗೆ ಒಂದೂವರೆ ಗಂಟೆ ಹಿಡಿಯಿತು. ಪೇಂಟ್ ಎರಡೇ ಕಡೆ ಕೂದಲೆಳೆಯಷ್ಟು ಬಿರಿಯಿತು.

ಎರಡೂ ಕಡೆ ಸಿಕ್ಕ ಜಾಗ ಹೆಚ್ಚುಕಡಿಮೆ ಒಂದೇ, ಅಡ್ಡಕ್ಕೆ ಎಂಟು ಹತ್ತು ಮಿ.ಮೀ. ಕೆಲಸದ ಲೆಕ್ಕದಲ್ಲಿ ಎರಡೂ ಪಾಸು. ಆದರೆ ನಾವಿರುವುದು ಉಡುಪಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ವರ್ಷವಿಡೀ ಉಪ್ಪುಗಾಳಿ. ಹಿಂದಿನ ಆರ್ಚ್‌ನ ಅಂಚಿನಲ್ಲಿ ಒಳ ತಗಡು, ಹೊರ ತಗಡು ಎರಡನ್ನೂ ಸೇರಿಸಿ ವೆಲ್ಡ್ ಮಾಡಿರುತ್ತಾರೆ, ನಡುವೆ ಸೀಲರ್ ಇರುತ್ತದೆ. ಬಡಿದರೆ ಆ ಸೀಲರ್ ಒಡೆಯುತ್ತದೆ. ನೀರು ಒಳಗೆ ಇಳಿಯುತ್ತದೆ. ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ಎಡಗಡೆ ತುಕ್ಕು ಗುಳ್ಳೆ ಎದ್ದಿತು. ಅದನ್ನು ಉಜ್ಜಿ, ಪ್ರೈಮರ್, ಸೀಲರ್, ಅಂಡರ್‌ಕೋಟ್ ಹಾಕಿಸಲು ರೋಲಿಂಗ್‌ಗಿಂತ ಜಾಸ್ತಿ ಖರ್ಚಾಯಿತು. ಬಲಗಡೆ ಅದೇ ದಿನ ಅಂಡರ್‌ಕೋಟ್ ಹಾಕಿಸಿದ್ದೆ, ಇವತ್ತಿಗೂ ಚೆನ್ನಾಗಿದೆ. ಬಯಲುಸೀಮೆಯವರಿಗೆ ಇದು ಅಷ್ಟು ದೊಡ್ಡ ವಿಷಯ ಅಲ್ಲದಿರಬಹುದು. ಕರಾವಳಿಯವರು ಮಾತ್ರ ಸುತ್ತಿಗೆಯವರ ಹತ್ತಿರ ಹೋಗಲೇಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ಇಷ್ಟಾದರೂ ನಾಲ್ಕು ಜನ ಕೂತಾಗ ಹಿಂದೆ ಉಜ್ಜುವುದು ನಿಲ್ಲಲಿಲ್ಲ, ಕಡಿಮೆಯಾಯಿತು ಅಷ್ಟೇ. ಬಗ್ಗಿ ನೋಡಿದರೆ ಹಿಂದಿನ ಬಂಪರ್ ಆರ್ಚ್‌ಗೆ ಸೇರುವ ಮೂಲೆಯಲ್ಲಿ ಒಂದು ಸ್ಕ್ರೂ ಇತ್ತು. ಅದರ ತಲೆ ಟಯರಿನ ಕಡೆಗೇ ಮುಖ ಮಾಡಿತ್ತು. ಟಯರ್ ಮೇಲಿನ ಆಳದ ಗೀರು ಅದರದ್ದೇ. ಅದನ್ನು ಬಿಚ್ಚಿ, ಚಪ್ಪಟೆ ತಲೆಯ ಕ್ಲಿಪ್ ಹಾಕಿದೆ. ನೀವೂ ರೋಲಿಂಗ್‌ಗೆ ಹೋಗುವ ಮೊದಲು ಆ ಮೂಲೆಯನ್ನು ಒಮ್ಮೆ ನೋಡಿ.

ಮುಂದಿನ ಲೈನರ್ ಕತೆ ಸುಲಭ. ಕತ್ತರಿಸಬೇಡಿ, ಬಿಸಿ ಮಾಡಿ. ಹೀಟ್ ಗನ್‌ನಲ್ಲಿ ಪ್ಲಾಸ್ಟಿಕ್ ಮೆತ್ತಗಾದಾಗ ದಪ್ಪ ಗ್ಲೌಸ್ ಹಾಕಿಕೊಂಡು ಒಳಗೆ ಒತ್ತಿ ಹಿಡಿದೆ, ಒದ್ದೆ ಬಟ್ಟೆಯಿಂದ ತಣಿಸಿದೆ. ಸಡಿಲವಾಗಿದ್ದ ಕ್ಲಿಪ್‌ಗಳನ್ನು ಹೊಸದು ಹಾಕಿದೆ. ಒಂದು ಭಾನುವಾರದ ಕೆಲಸ, ನೂರೈವತ್ತು ರೂಪಾಯಿಯ ಕ್ಲಿಪ್. ಪೂರ್ತಿ ತಿರುಗಿಸಿದಾಗಿನ ಗರ್ ಸದ್ದು ಇದರಿಂದಲೇ ಹೋಯಿತು. ಗೆಳೆಯನೊಬ್ಬ ಲೈನರ್ ಅನ್ನು ಪೂರ್ತಿ ಕಿತ್ತೇ ಹಾಕಿದ್ದ. ಮಳೆಗಾಲದಲ್ಲಿ ಕೆಸರು ನೇರವಾಗಿ ಹಾರ್ನ್, ವೈರಿಂಗ್ ಮೇಲೆ ಹಾರಿ, ಹಾರ್ನ್ ಸತ್ತುಹೋಯಿತು.

ಕ್ಯಾಂಬರ್ ಬೋಲ್ಟ್, ಅಂದರೆ ಚಕ್ರ ಒಳಗೆ ಹೊರಗೆ ವಾಲುವ ಕೋನ ಬದಲಾಯಿಸುವ ಬೋಲ್ಟ್ ಬಗ್ಗೆ ಬಹಳ ಆಸೆ ಇಟ್ಟುಕೊಂಡಿದ್ದೆ. ಸ್ವಿಫ್ಟ್‌ನ ಮುಂದಿನ ಸ್ಟ್ರಟ್ (ಸ್ಪ್ರಿಂಗ್ ಕೂತಿರುವ ಶಾಕ್ ಅಬ್ಸಾರ್ಬರ್) ಎರಡು ಬೋಲ್ಟ್‌ಗಳಲ್ಲಿ ನಕಲ್‌ಗೆ, ಅಂದರೆ ಹಬ್ ಹಿಡಿದಿರುವ ಲೋಹದ ತುಂಡಿಗೆ, ಸೇರುತ್ತದೆ. ಒಂದನ್ನು ಕ್ಯಾಂಬರ್ ಬೋಲ್ಟ್‌ಗೆ ಬದಲಾಯಿಸಿದರೆ ಚಕ್ರದ ಮೇಲ್ಭಾಗ ಒಳಗೆ ವಾಲುತ್ತದೆ. ಒಂದು ಡಿಗ್ರಿಗೆ ಟಯರಿನ ತುದಿ ಸುಮಾರು ಐದು ಮಿ.ಮೀ. ಒಳಗೆ ಹೋಗುತ್ತದೆ. ಮೈನಸ್ ಒಂದೂವರೆ ಡಿಗ್ರಿ ಇಡಿಸಿದೆ. ತಿರುವಿನಲ್ಲಿ ಗಾಡಿ ಹಿಡಿಯುವುದು ನಿಜಕ್ಕೂ ಚೆನ್ನಾಯಿತು. ಆದರೆ ನನ್ನ ಮುಂದಿನ ತೊಂದರೆ ಲೈನರ್‌ನದ್ದು, ಆರ್ಚ್‌ನದ್ದಲ್ಲ. ಜಾಗ ಬೇಕಿದ್ದದ್ದು ಹಿಂದೆ. ಹಿಂದೆ ಎರಡೂ ಚಕ್ರಗಳನ್ನು ಸೇರಿಸುವ ಟಾರ್ಶನ್ ಬೀಮ್ ಇದೆ, ಅಲ್ಲಿ ಇಂಥ ಬೋಲ್ಟ್ ಇಲ್ಲ. ಬೀಮ್ ಮತ್ತು ಹಬ್ ನಡುವೆ ಶಿಮ್ (ತೆಳು ಲೋಹದ ಬಿಲ್ಲೆ) ಇಡಬೇಕು, ಡ್ರಮ್ ಬ್ರೇಕ್ ಬಿಚ್ಚಬೇಕು. ಅಷ್ಟಕ್ಕೆ ಮನಸ್ಸು ಒಪ್ಪಲಿಲ್ಲ. ಆರು ಸಾವಿರ ಕಿ.ಮೀ. ಓಡಿದ ಮೇಲೆ ಮುಂದಿನ ಟಯರ್‌ಗಳ ಒಳ ಅಂಚು ಸವೆದದ್ದು ಕಂಡಿತು. ಬೋಲ್ಟ್ ತೆಗೆಸಿ, ಅಲೈನ್‌ಮೆಂಟ್ ಮಾಡಿಸಿ ಮೊದಲಿನ ಹಾಗೆ ಮಾಡಿಸಿದೆ. ಕ್ಯಾಂಬರ್ ಮುಟ್ಟಿದಾಗಲೆಲ್ಲ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಬದಲಾಗುತ್ತದೆ, ಅಲೈನ್‌ಮೆಂಟ್ ಬಿಡುವ ಹಾಗಿಲ್ಲ.

ಸ್ಪ್ರಿಂಗ್ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಕೂಡ ಹಿಂದೆ ಹಾಕಿ ನೋಡಿದೆ. ಉಜ್ಜುವುದು ಆವತ್ತೇ ಕಡಿಮೆಯಾಯಿತು. ಜೊತೆಗೆ ಹಿಂದಿನ ಸೀಟು ಎತ್ತಿನ ಗಾಡಿಯ ಹಾಗೆ ಆಯಿತು. ಅಮ್ಮನಿಗೆ ಸೊಂಟ ನೋವು. ಒಂದು ವಾರದಲ್ಲಿ ತೆಗೆದೆ. ಅಪರೂಪಕ್ಕೊಮ್ಮೆ ಭಾರ ಹೇರಿ ದೂರ ಹೋಗುವವರಿಗೆ ಆದೀತು. ಸ್ಪ್ರಿಂಗ್ ಸುರುಳಿ ಕಟ್ ಮಾಡಿ ಗಾಡಿ ಇಳಿಸುವವರು ಇದ್ದಾರೆ, ಅವರ ಉಜ್ಜುವ ತೊಂದರೆಗೆ ಈ ಯಾವ ಮದ್ದೂ ಸಾಲದು. ಚಕ್ರ ಗುಂಡಿಗೆ ಇಳಿದಾಗ ಆ ಸ್ಪ್ರಿಂಗ್ ಕೂತ ಜಾಗದಿಂದ ಕದಲಬಹುದು. ಅದನ್ನು ನಾನು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ.

ಐದನೆಯದು ಗೆಳೆಯನ ಚಕ್ರಗಳು. ಅವನದ್ದೂ 17 ಇಂಚು, ಏಳೂವರೆ ಅಗಲ, ಆದರೆ ಇಟಿ 45. ಆಫ್‌ಸೆಟ್ ಹತ್ತು ಜಾಸ್ತಿ ಅಂದರೆ ಚಕ್ರ ಹತ್ತು ಮಿ.ಮೀ. ಒಳಗೆ. ಎರಡು ದಿನಕ್ಕೆ ಅದಲು ಬದಲು ಮಾಡಿಕೊಂಡೆವು. ಹಿಂದೆ ಉಜ್ಜುವುದು ಪೂರ್ತಿ ನಿಂತಿತು. ಮುಂದೆ ಟಯರ್ ಮತ್ತು ಸ್ಟ್ರಟ್ ನಡುವೆ ಕಿರುಬೆರಳು ಕಷ್ಟಪಟ್ಟು ಹೋಗುವಷ್ಟೇ ಜಾಗ ಉಳಿಯಿತು. ಈಗ ಅಲಾಯ್ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ: ಡಿಸೈನ್ ನೋಡುವ ಮೊದಲು ಇಟಿ ನೋಡಿ. ನಾನಾಗಲೇ ಕೊಂಡಾಗಿತ್ತು, ಇನ್ನೊಂದು ಸೆಟ್‌ಗೆ ದುಡ್ಡಿರಲಿಲ್ಲ. ಸ್ಪೇಸರ್ (ಹಬ್ ಮತ್ತು ಚಕ್ರದ ನಡುವೆ ಇಡುವ ಬಿಲ್ಲೆ) ಹಾಕು ಅಂತ ಕೆಲವರು ಹೇಳಿದರು. ಸ್ಪೇಸರ್ ಚಕ್ರವನ್ನು ಇನ್ನೂ ಹೊರಗೆ ತಳ್ಳುತ್ತದೆ. ಒಳಗಡೆ ಸ್ಟ್ರಟ್‌ಗೆ ತಾಗುವವರಿಗೆ ಅದು ಸರಿ, ನನ್ನಂಥವರಿಗೆ ಉಲ್ಟಾ.

ಕೊನೆಗೆ ಟಯರ್ ಬದಲಾಯಿಸಿದೆ. 205/50 ತೆಗೆದು 205/45 ಆರ್17. ಅಗಲ ಅದೇ, ಒಟ್ಟು ಎತ್ತರ 616 ಮಿ.ಮೀ. 205/50ಕ್ಕಿಂತ ಸುಮಾರು 20 ಕಡಿಮೆ, ಅಂದರೆ ಆರ್ಚ್‌ನಿಂದ ಟಯರ್ ಹತ್ತು ಮಿ.ಮೀ. ದೂರ. ಕಂಪನಿ ಟಯರಿನ ಎತ್ತರಕ್ಕೂ ಇದೇ ಹತ್ತಿರ, ಸ್ಪೀಡೋಮೀಟರ್ ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಮೊದಲಿನದರಲ್ಲಿ ಶೇಕಡಾ ಎರಡೂವರೆ ಇತ್ತು, ಅದೂ ನಿಜವಾದ ವೇಗವನ್ನು ಕಡಿಮೆ ತೋರಿಸುವ ಕಡೆಗೆ. ಹಿಂದೆ ಉಜ್ಜುವ ಸದ್ದು ಮೊದಲ ದಿನವೇ ಹೋಯಿತು. ಇದನ್ನೇ ಮೊದಲು ಮಾಡಿದ್ದರೆ ಬಹುಶಃ ಆರ್ಚ್ ಮುಟ್ಟಬೇಕಾಗಿರಲಿಲ್ಲ.

ಕೊಡಬೇಕಾದ ಬೆಲೆಯೂ ಇದೆ. ನಾಲ್ಕು ಟಯರ್ ಅಂದರೆ ಉಳಿದ ಐದು ದಾರಿಗಳನ್ನು ಕೂಡಿಸಿದರೂ ಮೀರುವ ಖರ್ಚು. ಹಳೆಯ ಟಯರ್ ಮಾರಿ ಸ್ವಲ್ಪ ಹಿಂದೆ ಬಂತು, ಗೀರು ಬಿದ್ದದ್ದನ್ನು ಮಾರಲಿಲ್ಲ. ಗಾಡಿ ಇನ್ನೂ ಹತ್ತು ಮಿ.ಮೀ. ಕೆಳಗೆ ಬಂತು, ಯಾಕೆಂದರೆ ಟಯರೇ ಗಿಡ್ಡ. ಹಂಪ್ ಮೇಲೆ ಓರೆಯಾಗಿ ಹತ್ತಿಸಬೇಕು. ಸೈಡ್‌ವಾಲ್ ಎತ್ತರ ಕಂಪನಿ ಟಯರಿನಲ್ಲಿ 120 ಮಿ.ಮೀ. ಇತ್ತು, ಇದರಲ್ಲಿ 92. ಮಳೆಗಾಲದಲ್ಲಿ ಗುಂಡಿ ತುಂಬ ನೀರು ನಿಂತಾಗ ಆಳ ಗೊತ್ತಾಗುವುದಿಲ್ಲ, ರಿಮ್ ಬೆಂಡಾಗುವ ಭಯ ಇದ್ದೇ ಇದೆ. ಇನ್ನೊಂದು ಮಾತು, ಇದನ್ನು ಯಾರೂ ಸಾಮಾನ್ಯವಾಗಿ ಹೇಳುವುದಿಲ್ಲ. 205/45 ಆರ್17ರಲ್ಲಿ ಲೋಡ್ ಇಂಡೆಕ್ಸ್ 84ರದ್ದೂ ಬರುತ್ತದೆ, 88ರದ್ದೂ ಬರುತ್ತದೆ. 84 ಅಂದರೆ ಒಂದು ಟಯರ್ 500 ಕೆ.ಜಿ. ಹೊರುತ್ತದೆ, 88 ಅಂದರೆ 560. ಕಂಪನಿ ಟಯರ್ 88. ಹಾಗಾಗಿ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಟಯರಿನ ಗುರುತು) ಎಂದು ಬರೆದಿರುವ 88ರದ್ದೇ ಕೇಳಿ ತೆಗೆದುಕೊಳ್ಳಿ, ಗಾಳಿಯನ್ನು ಸ್ವಲ್ಪ ಜಾಸ್ತಿ ಇಡಿ.

ಕಾನೂನಿನ ವಿಷಯ ಮುಚ್ಚಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಎಂದು. ಇನ್ಶೂರೆನ್ಸ್‌ನವರಿಗೂ ತಿಳಿಸದೆ ಇದ್ದರೆ ಕ್ಲೇಮ್ ಸಮಯದಲ್ಲಿ ಕಷ್ಟ. ಕಂಪನಿಯ ಸ್ಪ್ರಿಂಗ್, ಚಕ್ರ ಎರಡನ್ನೂ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದೇನೆ, ಬೇಕಾದರೆ ಒಂದು ದಿನದಲ್ಲಿ ಹಿಂದಿನ ಹಾಗೆ ಮಾಡಬಹುದು.

ಹೊಸ ಟಯರ್ ಹಾಕಿದ ಮೂರನೇ ವಾರ ಅದೇ ಮೂವರನ್ನು ಕೂರಿಸಿಕೊಂಡು ಮತ್ತೆ ಆಗುಂಬೆಗೆ ಹೋದೆ. ಹೊರಡುವ ಮೊದಲು ನಾಲ್ಕೂ ಆರ್ಚ್‌ಗೆ ಸೀಮೆಸುಣ್ಣ ಬಳಿದಿದ್ದೆ. ಮೇಲೆ ತಲುಪಿ ಇಳಿದು ನೋಡಿದರೆ ಮೂರರಲ್ಲಿ ಸುಣ್ಣ ಹಾಗೇ ಇತ್ತು. ಹಿಂದಿನ ಎಡಗಡೆ, ಸುತ್ತಿಗೆಯ ಪೆಟ್ಟು ಬಿದ್ದ ಕಡೆ, ಉಗುರಿನಷ್ಟು ಜಾಗದಲ್ಲಿ ಅಳಿಸಿತ್ತು. ಅಲ್ಲಿ ಅಂಚು ಪೂರ್ತಿ ಮಡಚಿರಲಿಲ್ಲ. ಈ ಮಳೆಗಾಲಕ್ಕೆ ಮೊದಲು ಅಷ್ಟನ್ನು ರೋಲರ್‌ನವರ ಹತ್ತಿರ ಸರಿಮಾಡಿಸಿ, ಅಂಡರ್‌ಕೋಟ್ ಹಾಕಿಸಬೇಕು.