ಸುರಂಗವೋ, ಚಪ್ಪಟೆ ಗೋಡೆಯೋ?

ದೊಡ್ಡ ಅಕ್ವೇರಿಯಂಗೆ ಕಾಲಿಟ್ಟ ಕೂಡಲೇ ಮಕ್ಕಳು ಓಡುವುದು ಸುರಂಗದ ಕಡೆಗೆ, ಅಂದರೆ ತೊಟ್ಟಿಯ ನೀರಿನೊಳಗೆ ಹಾದುಹೋಗುವ ಪಾರದರ್ಶಕ ದಾರಿಯ ಕಡೆಗೆ. ಮಕ್ಕಳನ್ನೂ ವಯಸ್ಸಾದವರನ್ನೂ ಜೊತೆಗಿಟ್ಟುಕೊಂಡು ಎರಡನ್ನೂ ನೋಡಿದ ಮೇಲೆ ನಮ್ಮ ಮತ ಚಪ್ಪಟೆ ಗೋಡೆಯ ದೊಡ್ಡ ತೊಟ್ಟಿಗೆ. ಸುರಂಗಕ್ಕೆ ಹತ್ತು ನಿಮಿಷ ಧಾರಾಳ, ಗೋಡೆಯ ಮುಂದೆ ಮುಕ್ಕಾಲು ಗಂಟೆ ಕೂತರೂ ಕಡಿಮೆಯೇ.

ಸುರಂಗದಲ್ಲಿ ಮಾತ್ರ ಸಿಗುವಂಥದ್ದು ಹೊಟ್ಟೆ ಕಡೆಯ ನೋಟ. ತೊರಕೆ ಮೀನು ನೆತ್ತಿಯ ಮೇಲೆ ಹಾದುಹೋದರೆ ಬಾಯಿ, ಅದರ ಹಿಂದೆ ಎಡಬಲಕ್ಕೆ ಐದೈದು ಕಿವಿರಿನ ಸೀಳು ಎಲ್ಲವೂ ಸ್ಪಷ್ಟ. ಬಾಯಿಯ ಮೇಲಿರುವ ಎರಡು ತೂತುಗಳನ್ನು ಮಕ್ಕಳು ಕಣ್ಣು ಅಂದುಕೊಳ್ಳುತ್ತಾರೆ. ಅವು ಮೂಗಿನ ಹೊಳ್ಳೆಗಳು, ಕಣ್ಣಿರುವುದು ಬೆನ್ನಿನ ಕಡೆ. ಇದನ್ನು ಅಲ್ಲೇ ತೋರಿಸಿ ಹೇಳಿ.

ಆದರೆ ಸುರಂಗದ ಬಾಗಿದ ಅಕ್ರಿಲಿಕ್‌ನಿಂದಾಗಿ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಮೀನು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಚಪ್ಪಟೆ ಗೋಡೆಯಲ್ಲಿ ಇದು ತಿರುಗುಮುರುಗು: ನೇರವಾಗಿ ನೋಡಿದರೆ ನಾಲ್ಕು ಮೀಟರ್ ದೂರದ ಶಾರ್ಕ್ ಮೂರೇ ಮೀಟರ್ ದೂರದಲ್ಲಿದ್ದಂತೆ, ಅಷ್ಟೇ ದೊಡ್ಡದಾಗಿ ಕಾಣುತ್ತದೆ. 1985ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಮುಳುಗುಗಾರ ಕೆಲ್ಲಿ ಟಾರ್ಲ್ಟನ್ ಕಟ್ಟಿದ ಸುರಂಗದಲ್ಲಿದ್ದಂತೆ ಚಲಿಸುವ ನೆಲವಿರುವ ಕಡೆ ಇನ್ನೊಂದು ತೊಂದರೆ. ಕಾಲಡಿ ನೆಲ ಸರಿಯುತ್ತದೆ, ಮೇಲೆ ಮೀನು ಸರಿಯುತ್ತದೆ, ಕತ್ತೆತ್ತಿ ನಿಂತ ಹಿರಿಯರಿಗೆ ತಲೆ ಸುತ್ತು ಬರಬಹುದು. ಪಕ್ಕದಲ್ಲಿ ಸ್ಥಿರವಾದ ದಾರಿ ಇದ್ದರೆ ಅವರನ್ನು ಅಲ್ಲೇ ನಡೆಸಿ. ಸ್ಟ್ರಾಲರ್‌ಗೂ ಅದೇ ಸರಿ.

ಫೋಟೊದಲ್ಲೂ ಗೋಡೆಯೇ ಗೆಲ್ಲುತ್ತದೆ. ಫ್ಲ್ಯಾಶ್ ಆರಿಸಿ, ಫೋನಿನ ಲೆನ್ಸನ್ನು ಗೋಡೆಗೆ ತಾಗಿಸಿ, ನೇರವಾಗಿ ಹಿಡಿಯಿರಿ. ಲೆನ್ಸ್ ತಾಗಿದ್ದರೆ ಹಿಂದಿನ ದೀಪ, ನಿಮ್ಮದೇ ಅಂಗಿಯ ಪ್ರತಿಬಿಂಬ ಬೀಳುವುದಿಲ್ಲ. ಓರೆಯಾಗಿ ಹಿಡಿದರೆ ಅಂಚುಗಳಲ್ಲಿ ಬಣ್ಣ ಒಡೆದು ಚಿತ್ರ ಮಸುಕಾಗುತ್ತದೆ. ಜಪಾನಿನ ಒಕಿನಾವಾದ ಚುರೌಮಿ ಅಕ್ವೇರಿಯಂನ ದೊಡ್ಡ ಕಿಟಕಿಯ ದಪ್ಪವೇ 60 ಸೆಂಟಿಮೀಟರ್. ಅಷ್ಟು ದಪ್ಪದೊಳಗೆ ಓರೆಯಾಗಿ ತೂರುವ ಬೆಳಕು ಚೆದುರದೆ ಇರದು. ನೈಟ್ ಮೋಡ್ ಬೇಡ, ಶಟರ್ ಹೆಚ್ಚು ಹೊತ್ತು ತೆರೆದಿದ್ದು ಈಜುವ ಮೀನು ಗೆರೆಯಾಗುತ್ತದೆ. ವಿಡಿಯೊ ತೆಗೆದು ಅದರಿಂದ ಒಂದು ಚಿತ್ರ ಆರಿಸುವುದೇ ವಾಸಿ. ಸುರಂಗದ ಬಾಗಿಗೆ ಲೆನ್ಸ್ ಸಮವಾಗಿ ಕೂರುವುದೇ ಇಲ್ಲ, ಸಂದಿನಲ್ಲಿ ಬೆಳಕು ನುಗ್ಗುತ್ತದೆ.

ಮೀನುಗಳಿಗೆ ಊಟ ಹಾಕುವ ಹೊತ್ತನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ. ನೀರಿನ ಮೇಲಿಂದ ಆಹಾರ ಹಾಕಿದರೆ ಮೀನುಗಳೆಲ್ಲ ಮೇಲೇರಿ, ಸುರಂಗದ ಸುತ್ತ ಖಾಲಿ ನೀರು ಉಳಿಯುತ್ತದೆ. ಎತ್ತರದ ಗೋಡೆಯ ಮುಂದಾದರೆ ಆ ಗದ್ದಲ ಪೂರ್ತಿ ಸಿಗುತ್ತದೆ. ಅರ್ಧ ಗಂಟೆ ಮೊದಲೇ ಹೋಗಿ, ಮಕ್ಕಳನ್ನು ಮುಂದೆ ನೆಲದ ಮೇಲೆ ಕೂರಿಸಿ, ಹಿರಿಯರಿಗೆ ಹಿಂದಿನ ಬೆಂಚು ಹಿಡಿದಿಡಿ. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಒಗ್ಗಲು ಕೆಲವು ನಿಮಿಷ ಬೇಕು, ಅದೂ ಅಷ್ಟರಲ್ಲಿ ಆಗಿರುತ್ತದೆ. ಮೇಲೇರಿದ ಮೀನುಗಳು ಕೆಳಗಿಳಿದ ಮೇಲೆ ಸುರಂಗಕ್ಕೆ ಹೊರಡಿ.