ಈಸ್ಟ್ ಕರ್ಕ್‌ಬಿಯ ವಿಮಾನ ಸಂಗ್ರಹಾಲಯ ಮತ್ತು ‘ಜಸ್ಟ್ ಜೇನ್’

ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ, ಸ್ಪಿಲ್ಸ್‌ಬಿ ಪಟ್ಟಣದ ಸಮೀಪದ ಈಸ್ಟ್ ಕರ್ಕ್‌ಬಿ ಹಳ್ಳಿಯಲ್ಲಿರುವ ಲಿಂಕನ್‌ಶೈರ್ ಏವಿಯೇಷನ್ ಹೆರಿಟೇಜ್ ಸೆಂಟರ್ ಒಂದು ಮನೆತನದ ದುಃಖದಿಂದ ಹುಟ್ಟಿದ ಸಂಗ್ರಹಾಲಯ. 1944ರ ಮಾರ್ಚ್ 30ರ ರಾತ್ರಿ ಜರ್ಮನಿಯ ನ್ಯೂರೆಂಬರ್ಗ್ ಮೇಲಿನ ದಾಳಿಗೆ ಹೊರಟ ಬ್ರಿಟನ್ನಿನ ಬಾಂಬರ್ ಕಮಾಂಡ್ (ವಾಯುಪಡೆಯ ಬಾಂಬ್ ದಾಳಿ ವಿಭಾಗ) 90ಕ್ಕೂ ಹೆಚ್ಚು ವಿಮಾನಗಳನ್ನು ಕಳೆದುಕೊಂಡಿತು. ಒಂದೇ ರಾತ್ರಿಯಲ್ಲಿ ಇಷ್ಟು ದೊಡ್ಡ ನಷ್ಟ ಅದಕ್ಕೆ ಇಡೀ ಯುದ್ಧದಲ್ಲಿ ಮತ್ತೊಮ್ಮೆ ಆಗಲಿಲ್ಲ. ಆ ರಾತ್ರಿ ಹಿಂದಿರುಗದ ಹ್ಯಾಲಿಫ್ಯಾಕ್ಸ್ ವಿಮಾನವೊಂದರಲ್ಲಿ 19 ವರ್ಷದ ಫ್ಲೈಟ್ ಎಂಜಿನಿಯರ್ ಕ್ರಿಸ್ಟೊಫರ್ ಪ್ಯಾಂಟನ್ ಇದ್ದರು. ಅವರ ತಮ್ಮಂದಿರಾದ ಫ್ರೆಡ್ ಮತ್ತು ಹೆರಾಲ್ಡ್ ಮುಂದೆ ಕೋಳಿ ಸಾಕಣೆ ನಡೆಸುತ್ತ, 57 ಮತ್ತು 630ನೇ ಸ್ಕ್ವಾಡ್ರನ್‌ಗಳ ನೆಲೆಯಾಗಿದ್ದ ಈ ಹಳೆಯ ವಾಯುನೆಲೆಯ ಜಾಗವನ್ನು ಕೊಂಡರು. 1983ರಲ್ಲಿ ಎನ್‌ಎಕ್ಸ್ 611 ಎಂಬ ಸಂಖ್ಯೆಯ ಲ್ಯಾಂಕಾಸ್ಟರ್ ವಿಮಾನವನ್ನೂ (ಆ ಯುದ್ಧಕಾಲದ ನಾಲ್ಕು ಎಂಜಿನ್‌ಗಳ ಬ್ರಿಟಿಷ್ ಬಾಂಬರ್) ಖರೀದಿಸಿ, ಅಣ್ಣನ ನೆನಪಿಗೆ ಇದನ್ನೆಲ್ಲ ಕಟ್ಟಿದರು. ‘ಜಸ್ಟ್ ಜೇನ್’ ಎಂದು ಹೆಸರಾದದ್ದು ಇದೇ ವಿಮಾನ.

ಈ ವಿಮಾನ ಸದ್ಯ ಹಾರುವುದಿಲ್ಲ. ಅದನ್ನು ಮತ್ತೆ ಹಾರಿಸುವ ಗುರಿಯಿಂದ ದುರಸ್ತಿ ವರ್ಷಗಳಿಂದ ನಡೆದಿದೆ. ಆದರೆ ಅದರ ನಾಲ್ಕೂ ಮರ್ಲಿನ್ ಎಂಜಿನ್‌ಗಳು ಚಾಲೂ ಆಗುತ್ತವೆ, ಮುಂಗಡ ಬುಕ್ ಮಾಡಿದವರನ್ನು ಒಳಗೆ ಕೂರಿಸಿಕೊಂಡು ಅದು ನೆಲದ ಮೇಲೆ ಓಡುತ್ತದೆ. ಟಿಕೆಟ್ ದುಬಾರಿ ಎಂಬುದು ನಿಜ. ಆದರೂ ಬಾಂಬರ್ ಸಿಬ್ಬಂದಿಯ ಬದುಕು ಹೇಗಿತ್ತೆಂದು ತಿಳಿಯಬಯಸುವವರಿಗೆ ಈ ಹಣ ವ್ಯರ್ಥವಲ್ಲ ಎಂದು ನಾನು ದೃಢವಾಗಿ ಹೇಳಬಲ್ಲೆ.

ಕಾರಣ ಇಷ್ಟೇ. ಆಕಾಶದಲ್ಲಿ ಹಾದುಹೋಗುವ ಲ್ಯಾಂಕಾಸ್ಟರ್ ಎಷ್ಟು ಸುಂದರವಾಗಿ ಕಾಣುತ್ತದೆಯೆಂದರೆ ಅದರೊಳಗಿನ ಏಳು ಮಂದಿ ಮರೆತೇಹೋಗುತ್ತಾರೆ. ಒಳಹೊಕ್ಕಾಗ ಹಾಗಾಗದು. ಎರಡೂ ರೆಕ್ಕೆಗಳನ್ನು ಬೆಸೆಯುವ ದಪ್ಪ ತೊಲೆಯೊಂದು ಒಡಲಿನ ನಡುವೆ ಅಡ್ಡಲಾಗಿದೆ. ಹಗಲಿನಲ್ಲಿ, ಸಾಧಾರಣ ಉಡುಪಿನಲ್ಲಿ ಅದನ್ನು ದಾಟುವುದೇ ಪ್ರಯಾಸವಾಗಿರುವಾಗ, ಉರಿಯುತ್ತಿರುವ ವಿಮಾನದಲ್ಲಿ, ಕತ್ತಲಲ್ಲಿ, ದಪ್ಪ ಉಣ್ಣೆಯುಡುಪು ತೊಟ್ಟವರು ಅದನ್ನು ಹೇಗೆ ದಾಟಿ ಬಾಗಿಲು ಮುಟ್ಟಬೇಕಿತ್ತು ಎಂಬುದು ಯಾವ ಫಲಕದ ಸಹಾಯವೂ ಇಲ್ಲದೆ ಅರ್ಥವಾಗುತ್ತದೆ. ಬಾಲದ ತುದಿಯ ಗನ್ನರ್ ಕೂರುವ ಗೂಡು ಎಷ್ಟು ಇಕ್ಕಟ್ಟೆಂದರೆ ಅವನ ಪ್ಯಾರಾಶೂಟನ್ನು ಅದರ ಹೊರಗೆ, ವಿಮಾನದ ಒಡಲಲ್ಲಿ ಇಡಬೇಕಾಗಿತ್ತು. ಎಂಜಿನ್‌ಗಳು ಒಂದೊಂದಾಗಿ ಹೊಗೆಯುಗುಳಿ ಎಚ್ಚೆತ್ತಾಗ ತಗಡಿನ ನಡುಕ ಎದೆಗೂಡಿಗೇ ಇಳಿಯುತ್ತದೆ. ಬಾಂಬರ್ ಕಮಾಂಡಿನಲ್ಲಿ ಹೀಗೆ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಸತ್ತರು. ಅವರೆಲ್ಲ ತಾವಾಗಿಯೇ ಮುಂದೆ ಬಂದವರು.

ಹ್ಯಾಂಗರಿನೊಳಗಿನ ಪ್ರಾರ್ಥನಾ ಕೋಣೆಯಲ್ಲಿ ಈ ನೆಲೆಯಿಂದ ಹೊರಟು ಮಡಿದವರ ಹೆಸರುಗಳಿವೆ. ಅಲ್ಲಿ ನಿಂತಾಗ 1943ರ ಜುಲೈನಲ್ಲಿ ಇಂಥ ಬಾಂಬರ್‌ಗಳ ದಾಳಿಯಿಂದ ಜರ್ಮನಿಯ ಹ್ಯಾಂಬರ್ಗಿನಲ್ಲಿ ಎದ್ದ ಬೆಂಕಿಯಲ್ಲಿ ಬೆಂದ ಸಾವಿರಾರು ನಾಗರಿಕರನ್ನೂ ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ. ಅದರಿಂದ ಸಿಬ್ಬಂದಿಯ ಗೌರವಕ್ಕೆ ಕುಂದು ಬರುವುದಿಲ್ಲ.

ಹಾರಾಟವನ್ನೇ ನೋಡಬೇಕೆನ್ನುವವರಿಗೆ ಹತ್ತಿರದ ಕನಿಂಗ್ಸ್‌ಬಿಯಲ್ಲಿ ರಾಯಲ್ ಏರ್ ಫೋರ್ಸಿನ ಪಿಎ 474 ಎಂಬ ಲ್ಯಾಂಕಾಸ್ಟರ್ ಇದೆ. ಹಾರುವ ಸ್ಥಿತಿಯಲ್ಲಿ ಉಳಿದ ಲ್ಯಾಂಕಾಸ್ಟರ್‌ಗಳು ಜಗತ್ತಿನಲ್ಲಿ ಎರಡೇ. ಇನ್ನೊಂದು ಕೆನಡಾದ ಹ್ಯಾಮಿಲ್ಟನ್‌ನದು. 2014ರಲ್ಲಿ ಅದು ಅಟ್ಲಾಂಟಿಕ್ ದಾಟಿ ಬಂದಾಗ ಎರಡೂ ಈಸ್ಟ್ ಕರ್ಕ್‌ಬಿಯ ಮೇಲೆ ಜೊತೆಯಾಗಿ ಹಾರಿದವು, ಕೆಳಗೆ ‘ಜಸ್ಟ್ ಜೇನ್’ ಎಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಹಳೆಯ ಬಾಂಬರ್‌ಗಳನ್ನು ಮತ್ತೆ ಹಾರಿಸುವ ಇಂಥ ಕೆಲಸ ಬೆಂಗಳೂರಿನವರಿಗೆ ಅಪರಿಚಿತವಲ್ಲ: ಯುದ್ಧಾನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಎಚ್‌ಎಎಲ್ ರಿಪೇರಿ ಮಾಡಿಕೊಟ್ಟು, ನಮ್ಮ ವಾಯುಪಡೆ ಅವನ್ನು 1968ರವರೆಗೆ ಬಳಸಿತು.

ಹಳ್ಳಿಗೆ ರೈಲಿಲ್ಲ, ಕಾರಿದ್ದರೆ ಅನುಕೂಲ. ತೆರೆದಿರುವ ದಿನಗಳನ್ನೂ ವಿಮಾನ ಓಡುವ ದಿನಗಳನ್ನೂ ಮೊದಲೇ ವಿಚಾರಿಸಿಕೊಳ್ಳಿ. ಮಂಡಿನೋವಿರುವವರು ಆ ತೊಲೆ ದಾಟುವ ಸಾಹಸಕ್ಕಿಳಿಯದೆ ಬೇಲಿಯ ಬಳಿಯೇ ನಿಂತು ನೋಡುವುದು ಒಳ್ಳೆಯದು.