ಒಂದೇ ಗೋಪುರ, ನಾಲ್ಕು ಹೆಣಿಗೆ: ಕುಲಾವಿಗಾಗಿ ಮಾಡಿ ನೋಡಿದ ಹೋಲಿಕೆ

ಬಳ್ಳಾರಿಯಲ್ಲಿ ಕುಳಿತು ಉಲ್ಲನ್ ಹೆಣಿಗೆ ಕಲಿಯುತ್ತಿದ್ದೇನೆ ಎಂದರೆ ಕೇಳಿದವರು ಮೊದಲು ಬಿಸಿಲಿನ ಮಾತನ್ನೇ ಎತ್ತುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಸ್ವೆಟರ್ ಯಾರಿಗೆ ಬೇಕು ಎಂದು ಅವರು ಕೇಳುವುದು ಸಹಜವೇ. ಆದರೆ ನಮ್ಮ ಕಡೆ ಕೂಸನ್ನು ನೋಡಲು ಹೋಗುವವರು ಕುಲಾವಿ, ಕುಂಚಿಗೆ ಒಯ್ಯುವ ಪದ್ಧತಿ ಇನ್ನೂ ಉಳಿದಿದೆ. ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಎಳೆಗೂಸಿನ ಕಿವಿ ಮುಚ್ಚುವ ಟೊಪ್ಪಿಗೆ ಇಲ್ಲಿಯೂ ಬೇಕಾಗುತ್ತದೆ. ತಂಗಿಯ ಮಗಳ ಬಾಣಂತನ ಚಳಿಗಾಲಕ್ಕೆ ಬರುವುದಿತ್ತು. ಎರಡು ಬಣ್ಣದ ಚಿತ್ತಾರವಿರುವ ಕುಲಾವಿಯನ್ನು ನನ್ನ ಕೈಯಾರೆ ಹೆಣೆದು ಕೊಡಬೇಕೆಂಬ ಆಸೆಯಿಂದ, ಗಾಂಧಿನಗರದ ಸಮುದಾಯ ಭವನವೊಂದರಲ್ಲಿ ಶನಿವಾರದ ಮಧ್ಯಾಹ್ನಗಳಲ್ಲಿ ನಡೆಯುವ ಕರಕುಶಲ ತರಗತಿಗೆ ಸೇರಿದೆ.

ಹೆಣಿಗೆಯ ಮೂಲ ಕುಣಿಕೆಗಳಾದ ಸೀದಾ, ಉಲ್ಟಾ ಎರಡೂ ಕೈಗೆ ಕೂತ ಮೇಲೆ ನಮಗೆ ಕಲಿಸುವ ಅಕ್ಕೋರು ಬಣ್ಣ ಕೂಡಿಸುವ ನಾಲ್ಕು ವಿಧಾನಗಳನ್ನು ಒಂದೊಂದಾಗಿ ತೋರಿಸಿದರು. ಫೇರ್ ಐಲ್, ಇಂಟಾರ್ಸಿಯಾ, ಮೊಸಾಯಿಕ್, ಡುಪ್ಲಿಕೇಟ್ ಸ್ಟಿಚ್ ಎಂಬ ಈ ನಾಲ್ಕರಲ್ಲಿ ಯಾವುದು ಒಳ್ಳೆಯದೆಂಬ ವಾದ ತರಗತಿಯಲ್ಲಿ ಪ್ರತಿ ವಾರವೂ ನಡೆಯುತ್ತಿತ್ತು. ಬೇರೆ ಬೇರೆ ಚಿತ್ತಾರಗಳನ್ನು ಬೇರೆ ಬೇರೆ ನೂಲಿನಲ್ಲಿ ಹೆಣೆದು ಹೋಲಿಸಿದರೆ ಏನೂ ತಿಳಿಯದೆಂದು ನನಗೆ ಅನಿಸಿದ್ದರಿಂದ, ಒಂದೇ ಚಿತ್ತಾರವನ್ನು, ಒಂದೇ ಅಕ್ರಿಲಿಕ್ ನೂಲಿನಲ್ಲಿ, ಒಂದೇ 9ನೇ ನಂಬರಿನ, ಅಂದರೆ 3.75 ಮಿಲಿಮೀಟರಿನ ಕಡ್ಡಿಗಳಲ್ಲಿ ನಾಲ್ಕು ಸಲ ಹೆಣೆದೆ. 40 ಕುಣಿಕೆ ಅಗಲದ ತುಂಡು, ಕೆನೆ ಬಣ್ಣದ ನೆಲ, ಅದರ ಮೇಲೆ ಕೆಂಪು ಬಣ್ಣದ ಎರಡು ಗೋಪುರಗಳು. ಗೋಪುರವನ್ನು ಆರಿಸಿಕೊಳ್ಳಲು ಕಾರಣವಿತ್ತು. ನನ್ನ ತಾಯಿಯ ಇಳಕಲ್ ಸೀರೆಯ ಮೇಲಿನ ಕಸೂತಿಯಲ್ಲಿ ಅದು ಇದೆ, ಚಿಕ್ಕಂದಿನಿಂದಲೂ ಅದರ ಎಳೆ ಎಣಿಸಿದ ನೆನಪು ನನಗಿದೆ.

ಕಸೂತಿಯ ಮನೆಯಲ್ಲಿ ಬೆಳೆದವರಿಗೆ ಬಟ್ಟೆಯನ್ನು ಮಗುಚಿ ನೋಡುವ ಅಭ್ಯಾಸ ತಾನಾಗಿಯೇ ಬಂದಿರುತ್ತದೆ. ಕಸೂತಿಯ ಗವಂತಿ ಮತ್ತು ಮುರಗಿ ಎಂಬ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು, ಎಲ್ಲಿಯೂ ಗಂಟು ಕಾಣಬಾರದು. ನನ್ನ ತಾಯಿ ಯಾರದೇ ಕಸೂತಿ ಕೈಗೆ ಬಂದರೂ ಮೊದಲು ಸೆರಗಿನ ಹಿಂಭಾಗವನ್ನು ನೋಡಿ, ಆಮೇಲೆ ಮುಂಭಾಗ ನೋಡುತ್ತಿದ್ದರು. ಹೆಣಿಗೆಗೂ ನಾನು ಇದೇ ಅಳತೆಗೋಲನ್ನು ಹಿಡಿದೆ. ಕುಲಾವಿಯ ಮುಂಭಾಗವನ್ನು ನೋಡುವವರು ನಾವು, ಹಿಂಭಾಗ ತಾಗುವುದು ಕೂಸಿನ ನೆತ್ತಿಗೆ.

ಮೊದಲು ಫೇರ್ ಐಲ್. ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಸಮೂಹಗಳ ನಡುವೆ ಇರುವ ಪುಟ್ಟ ದ್ವೀಪದ ಹೆಸರು ಅದು. 1920ರ ದಶಕದಲ್ಲಿ ಮುಂದೆ ಬ್ರಿಟನ್ನಿನ ದೊರೆ ಎಂಟನೆಯ ಎಡ್ವರ್ಡ್ ಆದ ರಾಜಕುಮಾರ ಅಲ್ಲಿಯ ಸ್ವೆಟರ್ ತೊಟ್ಟ ಮೇಲೆ ಅದು ಎಲ್ಲೆಡೆ ಹೆಸರಾಯಿತು. ಒಂದು ಸಾಲಿನಲ್ಲಿ ಎರಡು ಬಣ್ಣಗಳನ್ನು ಜೊತೆಯಾಗಿ ಒಯ್ಯುವುದು, ಬೇಕಾದ ಬಣ್ಣದಲ್ಲಿ ಕುಣಿಕೆ ತೆಗೆಯುವುದು, ಬೇಡವಾದದ್ದನ್ನು ಬೆನ್ನಿನಲ್ಲಿ ಅಡ್ಡಲಾಗಿ ಸಾಗಿಸುವುದು ಇದರ ಕ್ರಮ. ನಾಲ್ಕರಲ್ಲಿ ಇದರಷ್ಟು ಚೆಲುವಾದ ಮುಖ ಇನ್ನೊಂದಕ್ಕಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಗೋಪುರದ ಬುಡದಲ್ಲಿ ನಾಲ್ಕು ಕೆಂಪು, ಬಾಗಿಲಿಗೆ ನಾಲ್ಕು ಕೆನೆ, ಮತ್ತೆ ನಾಲ್ಕು ಕೆಂಪು ಎಂದು ಹೆಣೆಯುವಾಗ ಕೈಗೆ ಒಂದು ಲಯ ಸಿಕ್ಕಿ, ಗೋಡೆ ಏಳುವುದನ್ನು ಕಣ್ಣಾರೆ ಕಂಡಂತಾಗುತ್ತದೆ.

ತೊಡಕು ತುದಿಯಲ್ಲಿ ಕಾಣಿಸಿಕೊಂಡಿತು. ಗೋಪುರಗಳು 16 ಕುಣಿಕೆಗಳಿಗೊಮ್ಮೆ ಬರುತ್ತವೆ, ಶಿಖರದಲ್ಲಿ ಕೆಂಪು ಕುಣಿಕೆ ಎರಡೇ ಉಳಿಯುತ್ತದೆ; ಹಾಗಾಗಿ ಒಂದು ಶಿಖರದಿಂದ ಇನ್ನೊಂದಕ್ಕೆ ಕೆಂಪು ನೂಲು 14 ಕುಣಿಕೆಗಳಷ್ಟು ದೂರ ಬೆನ್ನಿನಲ್ಲಿ ಜೋತುಬಿದ್ದು ಸಾಗಬೇಕಾಗುತ್ತದೆ. ಇಷ್ಟುದ್ದದ ಎಳೆಯನ್ನು ಹಾಗೆಯೇ ಬಿಟ್ಟರೆ ಕೂಸಿನ ಬೆರಳು ಅದರೊಳಗೆ ಸಿಕ್ಕಿಕೊಳ್ಳಬಹುದು. ಕೈಗವಸು, ಕಾಲುಚೀಲಗಳಲ್ಲಂತೂ ಇದು ನಿಜವಾದ ಅಪಾಯ. ಐದೈದು ಕುಣಿಕೆಗಳಿಗೊಮ್ಮೆ ಹೆಣೆಯುವ ನೂಲಿನಿಂದ ಆ ಎಳೆಯನ್ನು ಸುತ್ತಿ ಹಿಡಿಯಬೇಕು. ಹಾಗೆ ಹಿಡಿದ ಜಾಗದಲ್ಲಿ ಕೆನೆ ನೆಲದ ಮೂಲಕ ಕೆಂಪು ಚುಕ್ಕೆಯೊಂದು ಇಣುಕುತ್ತದೆ. ಪ್ರತಿ ಸಾಲಿನಲ್ಲಿಯೂ ಒಂದೇ ಕಡೆ ಹಿಡಿದರೆ ಆ ಚುಕ್ಕೆಗಳು ಒಂದರ ಮೇಲೊಂದು ನಿಂತು ಗೆರೆಯಾಗುತ್ತವೆ. ಮೊದಲ ತುಂಡಿನಲ್ಲಿ ನನಗೆ ಆದದ್ದು ಇದೇ, ಎಂಟು ಸಾಲು ಬಿಚ್ಚಬೇಕಾಯಿತು.

ಇದಕ್ಕಿಂತ ಹೆಚ್ಚು ಕಾಡಿದ್ದು ಬಿಗಿತ. ಬೆವರಿದ ಬೆರಳುಗಳಿಗೆ ನೂಲು ಅಂಟಿಕೊಂಡು ಹಿಂದಿನ ಎಳೆ ತಾನಾಗಿ ಜಗ್ಗಿಕೊಳ್ಳುತ್ತಿತ್ತು, ಬಟ್ಟೆ ನೆರಿಗೆ ನೆರಿಗೆಯಾಗಿ ಕುಗ್ಗುತ್ತಿತ್ತು. ನನ್ನ ತುಂಡು ಒಂದೇ ಬಣ್ಣದ ಸಾದಾ ತುಂಡಿಗಿಂತ ಸುಮಾರು ಮುಕ್ಕಾಲು ಇಂಚು ಕಿರಿದಾಯಿತು. ಅಕ್ಕೋರು ಹೇಳಿಕೊಟ್ಟ ಎರಡು ಉಪಾಯಗಳು ಇಲ್ಲಿ ಕೆಲಸಕ್ಕೆ ಬಂದವು. ಬಣ್ಣ ಬದಲಿಸುವ ಮುನ್ನ ಬಲಗಡ್ಡಿಯ ಮೇಲಿನ ಕುಣಿಕೆಗಳನ್ನು ಹೆಬ್ಬೆರಳಿನಿಂದ ಹರವಿ ಅಗಲಿಸಿಕೊಂಡು, ಆ ಅಗಲಕ್ಕೆ ತಕ್ಕಷ್ಟು ನೂಲು ಬಿಡುವುದು ಒಂದು. ವೃತ್ತಾಕಾರದ ಕಡ್ಡಿಯಲ್ಲಿ ಹೆಣೆಯುವಾಗ ಒಳಮಗ್ಗುಲನ್ನು ಹೊರಗೆ ತಿರುಗಿಸಿಟ್ಟುಕೊಂಡು, ಹಿಂದಿನ ಎಳೆಗಳು ಹೊರಸುತ್ತಿನಲ್ಲಿ ಸಾಗುವಂತೆ ಮಾಡುವುದು ಇನ್ನೊಂದು. ಯಾವ ಬಣ್ಣವನ್ನು ಕೆಳಗಿನಿಂದ ಒಯ್ಯುತ್ತೇವೆಯೋ ಅದು ಮುಂಭಾಗದಲ್ಲಿ ಎದ್ದು ಕಾಣುತ್ತದೆ ಎಂಬ ಸಂಗತಿಯನ್ನು ನಾನು ಬಿಚ್ಚಿ, ಮತ್ತೆ ಹೆಣೆದ ಮೇಲಷ್ಟೇ ನಂಬಿದೆ. ಕೆಂಪನ್ನು ಎಡಗೈಯಲ್ಲಿ ಕೆಳಗೂ ಕೆನೆಯನ್ನು ಬಲಗೈಯಲ್ಲಿ ಮೇಲೂ ಹಿಡಿದಾಗ ಗೋಪುರ ತುಂಬಿಕೊಂಡು ಬಂತು. ನಡುವೆ ಒಂದು ದಿನ ಮರೆತು ಕೈ ಅದಲುಬದಲಾದ ಆರು ಸಾಲುಗಳಲ್ಲಿ ಅದೇ ಕೆಂಪು ಸೊರಗಿ ನಿಂತಿದೆ.

ಶೆಟ್ಲೆಂಡ್ ಕುರಿಯ ಉಣ್ಣೆಯಲ್ಲಿ ಸಣ್ಣ ಕೂದಲುಗಳಿರುವುದರಿಂದ ಬೆನ್ನಿನ ಎಳೆಗಳು ಬಟ್ಟೆಗೆ ಅಂಟಿಕೊಂಡು ನಿಲ್ಲುತ್ತವೆ. ನಮ್ಮ ಅಂಗಡಿಗಳಲ್ಲಿ ಸಿಗುವ ಅಕ್ರಿಲಿಕ್ ನೂಲು ನುಣುಪು, ಅದರಲ್ಲಿ ಎಳೆಗಳು ಸಡಿಲವಾಗಿ ಆಡುತ್ತಲೇ ಇರುತ್ತವೆ. ಎರಡು ಪದರ ಸೇರಿ ದಪ್ಪವಾಗುವ ಬಟ್ಟೆ ಆ ದ್ವೀಪದ ಮೀನುಗಾರರಿಗೆ ವರ. ಬಳ್ಳಾರಿಯ ಚಳಿಗೆ ಅದು ಭಾರ. ಹೊತ್ತು ಏರುತ್ತಿದ್ದಂತೆ ಕೂಸು ಬೆವರುವುದು ಖಂಡಿತ.

ಇಂಟಾರ್ಸಿಯಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಸೂರಿನವರು ಬೀಟೆ ಮರದಲ್ಲಿ ಬೇರೆ ಬಣ್ಣದ ತುಣುಕುಗಳನ್ನು ಕೂರಿಸುವಂತೆ, ಇಲ್ಲಿ ಪ್ರತಿ ಬಣ್ಣದ ಭಾಗಕ್ಕೂ ಪ್ರತ್ಯೇಕ ನೂಲಿನ ಉಂಡೆ ಇರುತ್ತದೆ. ಬಣ್ಣ ಬದಲಾಗುವ ಗಡಿಯಲ್ಲಿ ಹಳೆಯ ನೂಲಿನ ಅಡಿಯಿಂದ ಹೊಸದನ್ನು ಎತ್ತಿ, ಒಂದಕ್ಕೊಂದು ಸುತ್ತಿ ಮುಂದುವರಿಯಬೇಕು, ಇಲ್ಲದಿದ್ದರೆ ಅಲ್ಲಿ ತೂತು ಬೀಳುತ್ತದೆ. ಬಟ್ಟೆ ಒಂದೇ ಪದರವಾಗಿ ತೆಳ್ಳಗೆ ಬರುತ್ತದೆ, ಬೆನ್ನಿನಲ್ಲಿ ಅಡ್ಡ ಎಳೆಗಳಿಲ್ಲ, ಹಾಗಾಗಿ ನಮ್ಮ ಹವೆಗೆ ಇದೇ ಸರಿಯೆಂದು ನಾನು ಮೊದಲು ಭಾವಿಸಿದ್ದೆ. ಆದರೆ ಎರಡು ಗೋಪುರಕ್ಕೆ ಐದು ಉಂಡೆಗಳಾದವು. ಬಾಗಿಲನ್ನೂ ತೆರೆಯಲು ಹೊರಟರೆ ಅದು ಒಂಬತ್ತಕ್ಕೇರುತ್ತದೆ, ಆದ್ದರಿಂದ ಈ ತುಂಡಿನ ಗೋಪುರಗಳಿಗೆ ಬಾಗಿಲೇ ಇಲ್ಲ. ರಟ್ಟಿನ ತುಂಡುಗಳಿಗೆ ನೂಲು ಸುತ್ತಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿಕೊಂಡರೂ ಪ್ರತಿ ನಾಲ್ಕು ಸಾಲಿಗೊಮ್ಮೆ ಸಿಕ್ಕು ಬಿಡಿಸುತ್ತ ಕೂರಬೇಕಾಯಿತು, ಕೊನೆಯಲ್ಲಿ ಹತ್ತು ತುದಿಗಳನ್ನು ಅಡಗಿಸಿ ಹೊಲಿಯಬೇಕಾಯಿತು. ಕುಲಾವಿಗೆ ಇನ್ನೊಂದು ಅಡ್ಡಿಯೂ ಇದೆ. ಸುತ್ತಿನಲ್ಲಿ ಹೆಣೆಯುವಾಗ ಕೆಂಪು ನೂಲು ಗೋಪುರದ ಎಡಕ್ಕೆ ಹೋಗಿ ನಿಂತುಬಿಡುತ್ತದೆ, ಮುಂದಿನ ಸುತ್ತು ಬರುವಾಗ ಅದು ಬೇಕಾಗಿರುವುದು ಬಲಕ್ಕೆ. ಹೀಗಾಗಿ ಚಪ್ಪಟೆಯಾಗಿ ಹೆಣೆದು ಹೊಲಿಗೆ ಹಾಕುವುದೇ ಅದರ ಸುಲಭ ದಾರಿ. ಎದೆಯ ಮೇಲೆ ಒಂದೇ ದೊಡ್ಡ ಆನೆಯೋ ನವಿಲೋ ಬೇಕಾದ ಸ್ವೆಟರಿಗೆ ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲ, ಸಣ್ಣ ಸಣ್ಣ ಚಿತ್ತಾರದ ಟೊಪ್ಪಿಗೆಗೆ ಇದು ತಕ್ಕದ್ದಲ್ಲ.

ಮೊಸಾಯಿಕ್ ಹೆಣಿಗೆಯನ್ನು ನಮ್ಮ ತರಗತಿಯಲ್ಲಿ ಎಲ್ಲರೂ ಮಕ್ಕಳಾಟವೆಂದು ಪಕ್ಕಕ್ಕಿಟ್ಟಿದ್ದರು. ನಾನೂ ಅದನ್ನು ಮುಂದೂಡುತ್ತಲೇ ಬಂದಿದ್ದೆ. ಇಲ್ಲಿ ಒಂದು ಹೊತ್ತಿಗೆ ಕೈಯಲ್ಲಿರುವುದು ಒಂದೇ ನೂಲು. ಕೆಂಪಿನಲ್ಲಿ ಹೋಗಿ ಬರುವ ಎರಡು ಸಾಲು, ಆಮೇಲೆ ಕೆನೆಯಲ್ಲಿ ಎರಡು ಸಾಲು. ಆಯಾ ಸಾಲಿನಲ್ಲಿ ಬೇಡವಾದ ಬಣ್ಣದ ಕುಣಿಕೆಯನ್ನು ಹೆಣೆಯದೆ ಬಲಗಡ್ಡಿಗೆ ಜಾರಿಸಿಬಿಡುವುದು. ಜಾರಿಸುವಾಗ ಉಲ್ಟಾ ಹೆಣೆಯುವಂತೆ ಕಡ್ಡಿಯನ್ನು ಬಲದಿಂದ ತೂರಿಸಬೇಕು, ನೂಲು ಯಾವಾಗಲೂ ಬಟ್ಟೆಯ ಹಿಂಮಗ್ಗುಲಿನಲ್ಲಿಯೇ ಇರಬೇಕು. ಸೀದಾ ಹೆಣೆಯುವಂತೆ ತೂರಿಸಿ ಜಾರಿಸಿದ್ದರಿಂದ ನನ್ನ ಮೊದಲ ಹತ್ತು ಸಾಲುಗಳಲ್ಲಿ ಕುಣಿಕೆಗಳೆಲ್ಲ ಕತ್ತು ತಿರುಚಿಕೊಂಡು ನಿಂತಿದ್ದವು. ಅದನ್ನು ತಿದ್ದಿಕೊಂಡ ಮೇಲೆ ಕೆಲಸ ನೀರಿನಂತೆ ಹರಿಯಿತು. ಕರೆಂಟು ಹೋದಾಗ, ಕುಕ್ಕರ್ ಕೂಗಿದಾಗ ಸಾಲಿನ ನಡುವೆಯೇ ಇಟ್ಟು ಎದ್ದು ಬಂದರೂ ಎಲ್ಲಿ ನಿಂತೆನೆಂದು ಹುಡುಕಬೇಕಾಗಿಲ್ಲ, ಏಕೆಂದರೆ ಕೆಳಗಿನ ಸಾಲಿನ ಬಣ್ಣವೇ ಮುಂದಿನದನ್ನು ಹೇಳಿಕೊಡುತ್ತದೆ.

ಆದರೆ ಗೋಪುರವನ್ನು ಇದ್ದ ಹಾಗೆ ಹೆಣೆಯಲು ಇದು ಬಿಡಲಿಲ್ಲ. ಒಟ್ಟಿಗೆ ಮೂರಕ್ಕಿಂತ ಹೆಚ್ಚು ಕುಣಿಕೆಗಳನ್ನು ಜಾರಿಸಿದರೆ ಬೆನ್ನಿನಲ್ಲಿ ಮತ್ತೆ ಉದ್ದ ಎಳೆಗಳಾಗುತ್ತವೆ. ಹಾಗಾಗಿ 12 ಕುಣಿಕೆ ಅಗಲದ ಗಟ್ಟಿ ಕೆಂಪು ಗೋಡೆ ಇಲ್ಲಿ ಸಾಧ್ಯವಿಲ್ಲ. ಚೌಕಳಿ ಕಾಗದದ ಮೇಲೆ ಎರಡು ಸಂಜೆ ಕುಳಿತು ಗೋಪುರವನ್ನು ಗೆರೆಗಳಾಗಿ, ಮೆಟ್ಟಿಲುಗಳಾಗಿ ಬಿಡಿಸಿ ಬರೆದೆ. ಬರೆದು ಮುಗಿದಾಗ ಕಂಡದ್ದು ನನ್ನ ತಾಯಿಯ ಸೆರಗಿನ ಗವಂತಿಯ ಗೋಪುರವೇ: ತುಂಬಿದ ಗೋಡೆಯಿಲ್ಲದೆ ಗೆರೆಗಳಲ್ಲಿಯೇ ನಿಂತ ಗೋಪುರ. ಫೇರ್ ಐಲ್‌ಗಾಗಿ ನಾನೇ ಅದನ್ನು ಕೆಂಪಿನಿಂದ ತುಂಬಿದ್ದೆ, ಮೂಲದಲ್ಲಿ ಅದು ಹಾಗಿರಲೇ ಇಲ್ಲ. ಇನ್ನೊಂದು ಅನುಕೂಲವೂ ಇಲ್ಲಿ ಒದಗಿ ಬಂತು. ಸಾಮಾನ್ಯ ಹೆಣಿಗೆಯ ಕುಣಿಕೆ ಎತ್ತರಕ್ಕಿಂತ ಅಗಲ ಹೆಚ್ಚಿರುವುದರಿಂದ ಚೌಕಳಿ ಕಾಗದದ ಚಿತ್ತಾರ ಅದರಲ್ಲಿ ಕುಳ್ಳಾಗಿ ಬರುತ್ತದೆ; ಎರಡೂ ಮಗ್ಗುಲು ಸೀದಾ ಹೆಣೆಯುವ ಮೊಸಾಯಿಕ್‌ನಲ್ಲಿ ಕಾಗದದ ಒಂದು ಮನೆಗೆ ಹೆಣಿಗೆಯ ಎರಡು ಸಾಲು ಬೀಳುವುದರಿಂದ ಮನೆ ಹೆಚ್ಚುಕಡಿಮೆ ಚೌಕವಾಗಿಯೇ ನಿಲ್ಲುತ್ತದೆ. ಕಸೂತಿಯ ನಕ್ಷೆಗಳು ಕೈಯಲ್ಲಿರುವ ನಮ್ಮಂಥವರಿಗೆ ಇದು ದೊಡ್ಡ ಲಾಭ.

ತುಂಡನ್ನು ಮಗುಚಿದರೆ ಹಿಂಭಾಗದಲ್ಲಿ ಚಿಕ್ಕ ಚಿಕ್ಕ ಎಳೆಗಳು ಇವೆ, ಅರ್ಧ ಇಂಚಿಗಿಂತ ಉದ್ದದ್ದು ಒಂದೂ ಇಲ್ಲ. ಗವಂತಿಯಂತೆ ಎರಡೂ ಕಡೆ ಒಂದೇ ಎನ್ನಲಾಗದು, ಆದರೂ ಆ ಬೆನ್ನಿಗೆ ನಾಚಬೇಕಾದದ್ದೇನಿಲ್ಲ.

ಕೊನೆಯದು ಡುಪ್ಲಿಕೇಟ್ ಸ್ಟಿಚ್. ಇದನ್ನು ಹೆಣಿಗೆಯೆನ್ನುವುದಕ್ಕಿಂತ ಹೆಣಿಗೆಯ ಮೇಲಿನ ಕಸೂತಿ ಎನ್ನುವುದು ಸರಿ. ಒಂದೇ ಬಣ್ಣದಲ್ಲಿ ಹೆಣೆದ ಬಟ್ಟೆಯ ಮೇಲೆ, ಮೊಂಡು ತುದಿಯ ದಪ್ಪ ಸೂಜಿಯಿಂದ ಪ್ರತಿ ಕುಣಿಕೆಯ ಜಾಡನ್ನೇ ಹಿಡಿದು ಇನ್ನೊಂದು ಬಣ್ಣವನ್ನು ಹೊದಿಸುವುದು. ಕುಣಿಕೆಯ ಬುಡದಲ್ಲಿ ಸೂಜಿಯನ್ನು ಮೇಲಕ್ಕೆ ತಂದು, ಮೇಲಿನ ಕುಣಿಕೆಯ ಎರಡೂ ಕಾಲುಗಳ ಹಿಂದಿನಿಂದ ಹಾಯಿಸಿ, ಹೊರಟ ಜಾಗಕ್ಕೇ ಇಳಿಸಬೇಕು. ಸಂಡೂರಿನ ಕಡೆಯ ತಾಂಡಾದಿಂದ ಬರುವ ಸಹಪಾಠಿಯೊಬ್ಬರು ಇದನ್ನು ತೋರಿಸಿದ ಐದೇ ನಿಮಿಷಕ್ಕೆ ಅಕ್ಕೋರಿಗಿಂತ ಚೆನ್ನಾಗಿ ಮಾಡತೊಡಗಿದರು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆ ಕೈಗಳ ಪಳಗಿಕೆ ಎಂಥದ್ದೆಂದು ಅಂದು ಪಕ್ಕದಲ್ಲಿ ಕುಳಿತು ಕಂಡೆ. ನೂಲನ್ನು ಎಷ್ಟು ಎಳೆಯಬೇಕೆಂದು ನಾನು ಕೇಳಿದಾಗ, ‘ಎಳೀಬ್ಯಾಡ್ರಿ ಅಕ್ಕಾ, ಮಲಗಿಸ್ರಿ’ ಎಂದರು. ಅದಾದ ಮೇಲೆ ಕೆಳಗಿನ ಕೆನೆ ಬಣ್ಣ ಇಣುಕುವುದು ನಿಂತಿತು. ಇಡೀ ಗೋಪುರವನ್ನು ಹೀಗೆ ತುಂಬಿದಾಗ ಮಾತ್ರ ಬಟ್ಟೆ ರಟ್ಟಿನಂತೆ ಬಿರುಸಾಯಿತು. ಹತ್ತಿಪ್ಪತ್ತು ಕುಣಿಕೆಗಳ ಕೆಲಸಕ್ಕೆ, ಹೆಣೆಯುವಾಗ ತಪ್ಪಿದ ಒಂದೆರಡು ಬಣ್ಣಗಳನ್ನು ತಿದ್ದುವುದಕ್ಕೆ ಇದರಷ್ಟು ಉಪಕಾರಿ ಬೇರೊಂದಿಲ್ಲ.

ಹತ್ತಿ ಬೆಳೆಯುವ ಸೀಮೆಯಲ್ಲಿ ಕುಳಿತು ಅಕ್ರಿಲಿಕ್ ಹೆಣೆಯುವುದು ನನಗೆ ಮೊದಲಿನಿಂದಲೂ ಸಮಾಧಾನ ತಂದಿರಲಿಲ್ಲ. ಆದ್ದರಿಂದ ಫೇರ್ ಐಲ್ ಮತ್ತು ಮೊಸಾಯಿಕ್ ಎರಡನ್ನೂ ಹತ್ತಿ ನೂಲಿನಲ್ಲಿ ಇನ್ನೊಮ್ಮೆ ಹೆಣೆದು ನೋಡಿದೆ. ಹತ್ತಿಗೆ ಹಿಗ್ಗುವ ಗುಣ ಕಡಿಮೆ. ಫೇರ್ ಐಲ್‌ನಲ್ಲಿ ಕೈಯ ಒಂದೊಂದು ಏರುಪೇರೂ ಹಾಗೆಯೇ ಉಳಿದುಕೊಂಡಿತು, ತೊಳೆದರೂ ಸಮವಾಗಲಿಲ್ಲ. ಮೊಸಾಯಿಕ್ ಮಾತ್ರ ಹತ್ತಿಯಲ್ಲಿಯೂ ಅಂದಗೆಡದೆ ಬಂತು, ಸ್ವಲ್ಪ ತೂಕ ಹೆಚ್ಚಾಯಿತು ಅಷ್ಟೇ.

ತರಗತಿಗೆ ಹೊಸದಾಗಿ ಬರುವವರಿಗೆ ಮೊದಲು ಮೊಸಾಯಿಕ್ ಕಲಿಸಬೇಕೆಂದು ನಾನು ಅಕ್ಕೋರಿಗೆ ಹೇಳಿದ್ದೇನೆ. ಅವರ ಮನಸ್ಸು ಈಗಲೂ ಫೇರ್ ಐಲ್ ಕಡೆಗೇ ಇದೆ. ಎರಡು ನೂಲನ್ನು ಹದವಾಗಿ ಹಿಡಿಯಲು ಕಲಿತ ಕೈಗೆ ಉಳಿದದ್ದೆಲ್ಲ ಸಲೀಸು ಎಂಬ ಅವರ ಮಾತಿನಲ್ಲಿ ಹುರುಳಿದೆ. ದೊಡ್ಡವರ ಸ್ವೆಟರಿನ ಅಂಚಿಗೆ ನಾನೂ ಫೇರ್ ಐಲ್ ಅನ್ನೇ ಆರಿಸಿಕೊಳ್ಳುತ್ತೇನೆ. ಕೂಸಿನ ಮೈಗೆ ತಾಗುವ ಬಟ್ಟೆಯ ಮಾತು ಬೇರೆ.

ಕುಲಾವಿಯನ್ನು 80 ಕುಣಿಕೆಗಳಲ್ಲಿ, ಹತ್ತಿ ನೂಲಿನಲ್ಲಿ, ಸುತ್ತಲೂ ಐದು ಗೋಪುರಗಳು ಬರುವಂತೆ ಮೊಸಾಯಿಕ್‌ನಲ್ಲಿ ಹೆಣೆದೆ. ನೆತ್ತಿಯ ಭಾಗವನ್ನು ಕೆನೆ ಬಣ್ಣದಲ್ಲಿ ಸಾದಾ ಬಿಟ್ಟು, ಪ್ರತಿ ಗೋಪುರದ ನೇರಕ್ಕೆ ಡುಪ್ಲಿಕೇಟ್ ಸ್ಟಿಚ್‌ನಲ್ಲಿ ಮೂರು ಹಳದಿ ಕುಣಿಕೆಗಳ ಕಳಸ ಇಟ್ಟೆ. ತಂಗಿಯ ಮನೆಗೆ ಒಯ್ಯುವ ಮುನ್ನ ತಾಯಿಯ ಕೈಗೆ ಕೊಟ್ಟೆ. ಅವರು ಅದನ್ನು ಒಳಹೊರಗು ಮಾಡಿ, ಕಿರುಬೆರಳನ್ನು ಒಳಸುತ್ತಿನಲ್ಲಿ ಒಂದು ಸುತ್ತು ಎಳೆದು ನೋಡಿದರು. ಬೆರಳು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಕಳಸದ ಹಿಂದೆ ನಾನು ಅಡಗಿಸಿದ್ದ ಹಳದಿ ತುದಿಯೊಂದನ್ನು ಮಾತ್ರ ಉಗುರಿನಿಂದ ಎತ್ತಿ ತೋರಿಸಿ, ಇದನ್ನು ಇನ್ನೊಂದು ಸುತ್ತು ಹೊಲಿ ಎಂದರು.